ಓದುಗರ ಪ್ರಶ್ನೆ, ನಮ್ಮ ಉತ್ತರ: ನಕ್ಷತ್ರ ಉದುರಿದ ವರ್ಷ

ಹೋದ ತಿಂಗಳ ಸಂಚಿಕೆಲಿ ಒಂದು ಫೋಟೋ ಹಾಕಿದ್ವಿ. ಚರ್ಮದ ಮೇಲೆ ಸುರುಳಿ ಥರ ಬರೆದಿರೋ ಪುಟ್ಟ ಪುಟ್ಟ ಚಿತ್ರಗಳದ್ದು. ಕೆಳಗೆ ಎರಡೇ ಸಾಲು ಬರೆದಿದ್ದೆ, ಅಮೆರಿಕದ ಬಯಲುಸೀಮೆಯ ಮೂಲನಿವಾಸಿಗಳು ವರ್ಷಕ್ಕೊಂದು ಚಿತ್ರ ಬರೆದು ತಮ್ಮ ಚರಿತ್ರೆ ಇಟ್ಕೊಂಡಿದ್ರು ಅಂತ. ಅದಕ್ಕೆ ಇಷ್ಟೊಂದು ಕಾಗದ, ಇಷ್ಟೊಂದು ವಾಟ್ಸಾಪ್ ಮೆಸೇಜು ಬರುತ್ತೆ ಅಂತ ನಾನಂದ್ಕೊಂಡಿರಲಿಲ್ಲ. ಹಂಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದೀನಿ. ಬೇರೆ ಪ್ರಶ್ನೆ ಕಳಿಸಿರೋರು ಬೇಜಾರು ಮಾಡ್ಕೋಬೇಡಿ, ಮುಂದಿನ ತಿಂಗಳು ಖಂಡಿತ ತಗೋತೀನಿ.

ದಾವಣಗೆರೆಯ ಒಬ್ಬ ಬಿ.ಎ. ವಿದ್ಯಾರ್ಥಿನಿ: ಸರ್, ಆ ಚರ್ಮದ ಮೇಲೆ ಒಂದು ತಾರೀಖಿಲ್ಲ, ಒಂದು ಇಸವಿ ಇಲ್ಲ. ಆದ್ರೂ ಅದನ್ನ ಕ್ಯಾಲೆಂಡರ್ ಅಂತಾರಂತೆ. ಅದು ಹೆಂಗೆ?

ತಂಗಿ, ಕ್ಯಾಲೆಂಡರ್ ಅಂದ್ರೆ ನಮಗೆ ಕಣ್ಣಿಗೆ ಬರೋದು ಗೋಡೆಗೆ ನೇತು ಹಾಕಿರೋ, ರಾಹುಕಾಲ ಗುಳಿಕಕಾಲ ಎಲ್ಲ ಇರೋ ಹಾಳೆ, ಅಂದ್ರೆ ಮುಂದೆ ಬರೋ ದಿನಗಳ ಲೆಕ್ಕ. ಇವರು ಇಟ್ಟಿದ್ದು ಆಗಿಹೋದ ವರ್ಷಗಳ ಲೆಕ್ಕ. ಹಿಂಗೆ ಲೆಕ್ಕ ಇಟ್ಟೋರಲ್ಲಿ ಲಕೋಟ ಜನನೂ ಇದ್ರು. ಲಕೋಟ ಅಂದ್ರೆ ಹೊರಗಿನವರು ಸೂ ಅಂತ ಕರೆದ ದೊಡ್ಡ ಸಮುದಾಯದ ಪಶ್ಚಿಮದ ಕವಲು, ಅವರಲ್ಲೇ ಒಗ್ಲಾಲ, ಸಿಚಾಂಗು, ಹುಂಕ್‌ಪಾಪ ಹಿಂಗೆ ಏಳು ಪಂಗಡ, ಈಗಿನ ಸೌತ್ ಡಕೋಟ ನಾರ್ತ್ ಡಕೋಟ ಕಡೆಯ ಬಯಲಲ್ಲಿ ಕುದುರೆ ಮೇಲೆ ಬೈಸನ್ ಹಿಂಡಿನ ಹಿಂದೆ ತಿರುಗ್ತಾ ಬಾಳಿದ ಜನ. ಅವರು ಈ ಲೆಕ್ಕಕ್ಕೆ ವನಿಯೆತು ವೊವಾಪಿ ಅಂತಾರೆ. ವನಿಯೆತು ಅಂದ್ರೆ ಚಳಿಗಾಲ, ವರ್ಷ ಅನ್ನೋಕೂ ಅದೇ ಮಾತು. ನಮಗೆ ಇದು ಹೊಸದೇನಲ್ಲ, ವರ್ಷ ಅಂದ್ರೆ ಮಳೆ ತಾನೆ, ನಾವು ಮಳೆ ಲೆಕ್ಕ ಹಾಕಿದ್ವಿ ಅವರು ಚಳಿ ಲೆಕ್ಕ ಹಾಕಿದ್ರು. ವೊವಾಪಿ ಅಂದ್ರೆ ಬರೆದಿದ್ದು, ಗುರುತು ಹಾಕಿದ್ದು. ಚಿತ್ರಕ್ಕೂ ಅದೇ, ಪುಸ್ತಕಕ್ಕೂ ಅದೇ. ಇದಂತೂ ನಂಗೆ ತುಂಬ ಹಿಡಿಸ್ತು, ಯಾಕಂದ್ರೆ ನಾವೂ ಕಾಗದ ಬರಿ ಅಂತೀವಿ, ಚಿತ್ರ ಬರಿ ಅಂತೀವಿ, ಎರಡಕ್ಕೂ ಒಂದೇ ಮಾತು ಇಟ್ಕೊಂಡಿದೀವಿ.

ಅವರ ವರ್ಷ ಮೊದಲ ಹಿಮ ಬಿದ್ದಾಗಿಂದ ಮುಂದಿನ ಮೊದಲ ಹಿಮದ ತನಕ. ಅದು ಮುಗಿಯೋ ಹೊತ್ತಿಗೆ ಪಂಗಡದ ಹಿರೀಕರು ಕೂತ್ಕೊಂಡು ಈ ವರ್ಷ ಏನೇನಾಯ್ತು ಅಂತ ಮಾತಾಡಿ ಒಂದೇ ಒಂದು ಸಂಗತಿ ಆರಿಸ್ತಿದ್ರು, ಆಮೇಲೆ ಆ ವರ್ಷದ ಹೆಸರೇ ಅದು. ಲೆಕ್ಕ ಇಡೋ ಮನುಷ್ಯ ಅದಕ್ಕೊಂದು ಚಿತ್ರ ಬರೀತಿದ್ದ. ಇಸವಿ ಯಾಕಿಲ್ಲ ಅಂತ ಕೇಳಿದ್ಯಲ್ಲ, ಬೇಕಾಗಿರಲಿಲ್ಲ, ಹೆಸರುಗಳ ಸಾಲು ಬಾಯಿಗೆ ಬಂದ್ರೆ ಹಿಂದಕ್ಕೆ ಎಣಿಸ್ಕೊಂಡು ಹೋಗ್ಬಹುದು.

ನಾವು ಫೋಟೋ ಹಾಕಿದ್ದು ಲೋನ್ ಡಾಗ್ ಅನ್ನೋರ ಲೆಕ್ಕದ್ದು, ಒಂಟಿ ನಾಯಿ ಅಂತ ಆ ಹೆಸರಿನ ಅರ್ಥ. ಸರಿಯಾಗಿ ಹೇಳ್ಬೇಕಂದ್ರೆ ಅವರು ಲಕೋಟ ಅಲ್ಲ, ಲಕೋಟರಿಗೆ ಅಣ್ಣತಮ್ಮಂದಿರಂಗೆ ಇರೋ ಯಾಂಕ್ಟನೈ ಪಂಗಡದವರು. ಗ್ಯಾರಿಕ್ ಮ್ಯಾಲರಿ ಅನ್ನೋ ಅಮೆರಿಕದ ಸೇನಾಧಿಕಾರಿ 1877ರಲ್ಲಿ ಇದನ್ನ ಅಚ್ಚು ಹಾಕಿಸಿದ ಮೇಲೆ ಹೊರಗಿನ ಜಗತ್ತಿಗೆ ಗೊತ್ತಾಯ್ತು. ಚರ್ಮದ ನಡುವಲ್ಲಿ ಶುರುವಾಗಿ ಸುತ್ತಿ ಸುತ್ತಿ ಹೊರಗೆ ಬರುತ್ತೆ, 1800-01ರಿಂದ 1870-71ರ ತನಕ, ಒಟ್ಟು 71 ಚಿತ್ರ.

ಮೊದಲನೇ ಚಿತ್ರ ಬರೀ ಕಪ್ಪು ಗೀಟು. ಮೂರು ಸಾಲಲ್ಲಿ 30 ಗೀಟು. ನಾನು ಚಿಕ್ಕವನಿದ್ದಾಗ ಹಾಲು ಹಾಕೋ ಅಮ್ಮ ನಮ್ಮ ಬಾಗಿಲ ಪಕ್ಕದ ಸುಣ್ಣದ ಗೋಡೆಗೆ ಇದ್ದಲಲ್ಲಿ ದಿನಕ್ಕೊಂದು ಗೀಟು ಎಳೀತಿದ್ರು, ತಿಂಗಳ ಕೊನೆಗೆ ಎಣಿಸಿ ದುಡ್ಡು ಇಸ್ಕೊಂಡು ಅಳಿಸ್ತಿದ್ರು, ನೋಡೋಕೆ ಥೇಟ್ ಹಂಗೇ ಇದೆ. ಆದ್ರೆ ಇಲ್ಲಿ ಒಂದೊಂದು ಗೀಟೂ ಒಬ್ಬೊಬ್ಬ ಮನುಷ್ಯ. ಕ್ರೋ ಅನ್ನೋ ಪಂಗಡದವರ ಕೈಲಿ ಆ ವರ್ಷ ಸತ್ತ 30 ಜನ. ಮುಖ ಇಲ್ಲ ಕೈಕಾಲಿಲ್ಲ, ಗೀಟಷ್ಟೇ, ಆದ್ರೂ ಎಣಿಸ್ತಾ ಹೋದ್ರೆ ಇಪ್ಪತ್ತು ದಾಟೋ ಹೊತ್ತಿಗೆ ಎದೆ ಭಾರ ಆಗುತ್ತೆ. ಎರಡನೇದು, ಮೈಯೆಲ್ಲ ಕೆಂಪು ಚುಕ್ಕೆ ಇರೋ ಮನುಷ್ಯ. ಇದನ್ನ ನಂಗೆ ಯಾರೂ ಹೇಳ್ಕೊಡಬೇಕಾಗಿರಲಿಲ್ಲ, ನೋಡಿದ ತಕ್ಷಣ ಅಮ್ಮ ಆಗಿದೆ ಅಂತ ಗೊತ್ತಾಯ್ತು, ಸಿಡುಬು. ಮಾರಮ್ಮನ ಗುಡಿ ಇಲ್ಲದ ಊರು ನಮ್ಮ ಕಡೆ ಎಲ್ಲೈತೆ ಹೇಳಿ. ಮೂರನೇದು ಒಂದು ಕುದುರೆ ಲಾಳ, ಲಾಳ ಹೊಡೆದ ಕುದುರೆಗಳನ್ನ ಕದ್ದು ತಂದ ವರ್ಷ. ನಾಲ್ಕನೇದು ಮೈಮೇಲೆ ಗುಂಗುರು ಕೂದಲಿರೋ ಕುದುರೆ. ಹಿಂಗೇ ಸುತ್ತು ಹಾಕ್ತಾ ಬಂದ್ರೆ 1813-14ರಲ್ಲಿ ಒಬ್ಬ ಮನುಷ್ಯನ ಬಾಯಿಂದ ಗಾಳಿ ನುಗ್ಗಿ ಬರ್ತಿದೆ, ಅದು ನಾಯಿಕೆಮ್ಮು ಬಂದು ಜನ ಸತ್ತ ವರ್ಷ. ಕೆಮ್ಮನ್ನ ಚಿತ್ರದಲ್ಲಿ ಹೆಂಗೆ ತೋರಿಸ್ತೀರಿ ಅಂತ ನಮ್ಮನ್ನ ಯಾರಾದ್ರೂ ಕೇಳಿದ್ರೆ ಅರ್ಧ ದಿನ ತಲೆ ಕೆರ್ಕೋತೀವಿ, ಆ ಪುಣ್ಯಾತ್ಮ ನಾಲ್ಕು ಗೆರೆಲಿ ಮುಗಿಸಿದಾನೆ. 1845-46ಕ್ಕೆ ಬಂದ್ರೆ ಎರಡು ಕವೆಗೋಲು ನೆಟ್ಟು ಅಡ್ಡಗೋಲಿಗೆ ಮಾಂಸ ಒಣಗಿ ಹಾಕಿರೋ ಚಿತ್ರ, ಬೈಸನ್ ಮಾಂಸ ಬೇಕಾದಷ್ಟು ಸಿಕ್ಕಿದ ವರ್ಷ. ಹೊಟ್ಟೆ ತುಂಬಿದ ವರ್ಷಕ್ಕೂ ಒಂದು ಜಾಗ ಕೊಟ್ಟಿದಾರೆ ನೋಡು, ಅದು ನಂಗೆ ಸಮಾಧಾನ ಆಗುತ್ತೆ.

ಚಳ್ಳಕೆರೆಯ ಒಬ್ಬ ನಿವೃತ್ತ ಮೇಷ್ಟ್ರು: ಇಡೀ ವರ್ಷಕ್ಕೆ ಒಂದೇ ಸಂಗತಿ ಅಂದ್ರೆ ಯಾವುದನ್ನ ಆರಿಸ್ತಿದ್ರು? ದೊಡ್ಡ ಯುದ್ಧಗಳನ್ನೇನು? ಮತ್ತೆ ಚರ್ಮ ಹರಿದು ಹೋದ್ರೆ, ಬರೆದಾತ ಸತ್ತುಹೋದ್ರೆ ಮುಂದೇನು?

ಮೇಷ್ಟ್ರೇ, ನಾನೂ ಮೊದಲು ಹಂಗೇ ಅನ್ಕೊಂಡಿದ್ದೆ, ದೊಡ್ಡ ಗಲಾಟೆ ಯಾವುದೋ ಅದನ್ನೇ ಬರೆದಿರ್ತಾರೆ ಅಂತ. ನೋಡ್ತಾ ಹೋದ್ರೆ ಹಂಗಿಲ್ಲ. ಇನ್ನೊಂದು ವರ್ಷದ ಜೊತೆ ಕಲಸಿಹೋಗಬಾರದು, ಅದೇ ಮುಖ್ಯ. ಹೊಡೆದಾಟ ಪ್ರತಿ ವರ್ಷ ಇರುತ್ತೆ, ಬೇಟೆ ಪ್ರತಿ ವರ್ಷ ಇರುತ್ತೆ, ಹೊಡೆದಾಟ ಆದ ವರ್ಷ ಅಂದ್ರೆ ಯಾವ ವರ್ಷ ಅಂತ ಕೇಳ್ತಾರೆ. ಲಾಳ ಹೊಡೆದ ಕುದುರೆ ಸಿಕ್ಕಿದ ವರ್ಷ ಅಂದ್ರೆ ಆ ಪಂಗಡದ ಎಲ್ಲರಿಗೂ ಒಂದೇ ವರ್ಷ ನೆನಪಾಗುತ್ತೆ. ಹಂಗಾಗಿ ಪಂಗಡ ಪಂಗಡಕ್ಕೆ ಆಯ್ಕೆನೂ ಬೇರೆ ಬೇರೆ, ಒಂದು ಗುಂಪಿಗೆ ಅವರ ನಾಯಕ ಸತ್ತ ವರ್ಷ, ಪಕ್ಕದ ಗುಂಪಿಗೆ ಅದೇ ವರ್ಷ ದಡಾರ ಬಂದ ವರ್ಷ.

ನಮ್ಮಜ್ಜಿ ಹೊಳಲ್ಕೆರೆ ಕಡೆಯವಳು, ಒಂದಕ್ಷರ ಓದಿದೋಳಲ್ಲ. ಊರಿನ ಯಾರ ವಯಸ್ಸು ಕೇಳಿದ್ರೂ ಇಸವಿ ಹೇಳ್ತಿರಲಿಲ್ಲ. "ಅವ್ನಾ, ಅವ್ನು ನಮ್ಮ ಹಟ್ಟಿಗೆ ಬೆಂಕಿ ಬಿತ್ತಲ್ಲ ಆ ವರ್ಷ ತೊಟ್ಲಾಗಿದ್ದ, ನಿಮ್ಮಪ್ಪಂಗಿಂತ ಎರಡು ಮುಂಗಾರು ದೊಡ್ಡೋನು" ಅಂತಿದ್ಲು, ಕೂಡಿ ಕಳೆದು ನೋಡಿದ್ರೆ ಸರಿಯಾಗೇ ಇರ್ತಿತ್ತು. ಲಕೋಟ ಜನನೂ ವಯಸ್ಸು ಹೇಳಿದ್ದು ಹಿಂಗೇ, ನಾನು ಇಂಥ ಹೆಸರಿನ ಚಳಿಗಾಲದಲ್ಲಿ ಹುಟ್ಟಿದೋನು ಅಂತ, ಆಮೇಲೆ ಲೆಕ್ಕ ಇಟ್ಟೋರ ಹತ್ರ ಹೋಗಿ ಎಣಿಸಿದ್ರೆ ಎಷ್ಟು ವರ್ಷ ಅಂತ ಗೊತ್ತಾಗ್ತಿತ್ತು. ನಮ್ಮ ಎಷ್ಟು ಜನ ಹಿರಿಯರ ಆಧಾರ್ ಕಾರ್ಡಲ್ಲಿ ಹುಟ್ಟಿದ ದಿನ ಜನವರಿ 1 ಅಂತಿದೆ, ನಿಮ್ಮ ಬೀದಿಲೇ ಕೇಳಿ ನೋಡಿ. ಹುಟ್ಟಿದ ವರ್ಷಕ್ಕೆ ಅವರ ಹತ್ರ ಒಂದು ಹೆಸರಿತ್ತು ಮೇಷ್ಟ್ರೇ, ಆ ಹೆಸರನ್ನ ನಾವು ಕೇಳಿ ಬರ್ಕೊಂಡಿದ್ರೆ ಈ ಜನವರಿ 1 ಬರ್ತಿರಲಿಲ್ಲ, ಇದು ನಂಗೆ ನಿಜಕ್ಕೂ ಸಂಕಟ ಆಗೋ ವಿಷಯ.

ಲೆಕ್ಕ ಇಡೋರು ಹೆಚ್ಚಾಗಿ ಗಂಡಸರು. ಅಪ್ಪನ ಹತ್ರನೋ ಚಿಕ್ಕಪ್ಪ ದೊಡ್ಡಪ್ಪನ ಹತ್ರನೋ ಕಲ್ತು, ಆಮೇಲೆ ಮಗನಿಗೋ ಅಣ್ಣತಮ್ಮನ ಮಗನಿಗೋ ಒಪ್ಪಿಸ್ತಿದ್ರು. ಒಪ್ಪಿಸೋದು ಅಂದ್ರೆ ಚರ್ಮ ಕೊಟ್ಟುಬಿಟ್ರೆ ಆಗಲಿಲ್ಲ, ಒಂದೊಂದು ಚಿತ್ರದ ಹಿಂದಿರೋ ಕತೆ ಪೂರ್ತಿ ಬಾಯಿಗೆ ಬರಬೇಕು, ಯಾರ್ಯಾರಿದ್ರು, ಎಲ್ಲಿ ಬೀಡು ಬಿಟ್ಟಿದ್ರು, ಆಮೇಲೆ ಏನಾಯ್ತು ಎಲ್ಲ. ಚಿತ್ರ ಒಂದು ಗೂಟ ಇದ್ದಂಗೆ, ಕತೆ ಅದಕ್ಕೆ ಕಟ್ಟಿರೋ ದನ. ಚರ್ಮ ಸವೆದ್ರೆ ಹೊಸದಕ್ಕೆ ನಕಲು ಮಾಡ್ತಿದ್ರು, ಬಣ್ಣ ಅಂದ್ರೆ ಕೆಮ್ಮಣ್ಣು, ಇದ್ದಲು ಇಂಥವು, ಕುಂಚ ಅಂದ್ರೆ ಬೈಸನ್ ಮೂಳೆಯ ಸ್ಪಂಜಿನಂಥ ತುದಿ. ಬೈಸನ್ ಹಿಂಡುಗಳನ್ನ ಬಿಳಿ ಬೇಟೆಗಾರರು ಕೊಂದು ಖಾಲಿ ಮಾಡಿದ ಮೇಲೆ ಚರ್ಮ ಎಲ್ಲಿಂದ ಬರ್ಬೇಕು, ಆಗ ಮಸ್ಲಿನ್ ಬಟ್ಟೆ ಮೇಲೆ, ವ್ಯಾಪಾರಿಗಳ ಲೆಕ್ಕದ ಪುಸ್ತಕದ ಮೇಲೆ ಪೆನ್ಸಿಲ್ಲಲ್ಲಿ ಶಾಯಿಲಿ ಬರೆದ್ರು. ರೋಸ್‌ಬಡ್ ಅನ್ನೋ ಕಡೆ ಬ್ಯಾಟಿಸ್ಟ್ ಗುಡ್ ಅಂತ ಒಬ್ಬರಿದ್ರು, ಸಿಚಾಂಗು ಪಂಗಡದವರು, ಅವರ ಲೆಕ್ಕದಲ್ಲಿ 1700ರಿಂದ ವರ್ಷಕ್ಕೊಂದು ಚಿತ್ರ ಇದೆ. ಅದಕ್ಕೂ ಹಿಂದಿನ ಕಾಲವನ್ನ ಎಪ್ಪತ್ತೆಪ್ಪತ್ತು ವರ್ಷದ ಸುತ್ತುಗಳಾಗಿ ಬರೆದಿದಾರೆ, ಅದರ ಮೊದಲಲ್ಲೇ ಬರೋದು ಅವರಿಗೆ ಪವಿತ್ರ ಪೈಪು ತಂದುಕೊಟ್ಟ ಬಿಳಿ ಬೈಸನ್ ಹೆಣ್ಣಿನ ಕತೆ. ಪುರಾಣ ಎಲ್ಲಿ ಮುಗೀತು ಚರಿತ್ರೆ ಎಲ್ಲಿ ಶುರುವಾಯ್ತು ಅಂತ ನಡುವೆ ಗೋಡೆ ಹಾಕಿಲ್ಲ. ನಮ್ಮ ಕಡೆ ಸ್ಥಳಪುರಾಣ ಕೇಳಿರೋ ನಿಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಹಿರಿಯೂರಿನ ಒಬ್ಬ ರೈತರು: ಕತೆ ಚೆನ್ನಾಗೈತೆ, ನಂಬೋದು ಹೆಂಗೆ? ನಮ್ಮವ್ವ ತಾನು ಮಾರಿಕಣಿವೆ ಕೋಡಿ ಬಿದ್ದ ವರ್ಷ ಹುಟ್ಟಿದ್ದು ಅಂತಿದ್ಲು, ನಾವು ಸುಮ್ನೆ ನಗ್ತಿದ್ವಿ, ಕೋಡಿ ಬಿದ್ದಿದ್ದು ಕಂಡೋರೇ ಇರಲಿಲ್ಲ.

ಗೌಡ್ರೇ, ನಿಮ್ಮ ಪ್ರಶ್ನೆಲೇ ಉತ್ತರ ಐತೆ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ, ಅಂದ್ರೆ ನಿಮ್ಮ ಮಾರಿಕಣಿವೆ, 130 ಅಡಿ ತುಂಬಿ ಕೋಡಿ ಬಿದ್ದಿದ್ದು 1933ರಲ್ಲಿ ಒಂದು ಸಲ, ಆಮೇಲೆ 89 ವರ್ಷ ಬಿಟ್ಟು 2022ರ ಸೆಪ್ಟೆಂಬರಲ್ಲಿ. ಆಗ ಪೇಪರಲ್ಲಿ ಟಿವಿಲಿ ಎಲ್ಲ ಕಡೆ 1933, 1933 ಅಂತ ಬಂತಲ್ಲ, ನಿಮ್ಮವ್ವ ಹೇಳಿದ ವರ್ಷಕ್ಕೆ ಇಸವಿ ಸಿಕ್ತು. ಹೆಸರು ಅವ್ವನದ್ದು, ಇಸವಿ ಸರ್ಕಾರಿ ದಾಖಲೆದು, ಎರಡಕ್ಕೂ ಗಂಟು ಹಾಕಿದ್ದು ಒಂದು ಕೋಡಿ.

ಲಕೋಟ ಲೆಕ್ಕಗಳಿಗೂ ಹಂಗೇ ಒಂದು ಗಂಟು ಐತೆ, ಅದು ಆಕಾಶದಲ್ಲಿ ಬಿದ್ದಿದ್ದು. 1833ರ ನವೆಂಬರ್ 12ರ ರಾತ್ರಿ ಕಳೆದು 13ರ ಬೆಳಗಿನ ಜಾವ ಅಮೆರಿಕದ ಮೇಲೆ ಉಲ್ಕೆಗಳ ಮಳೆ ಸುರೀತು, ಒಂದೊಂದು ಗಂಟೆಗೆ ಸಾವಿರ ಸಾವಿರ. ಟೆಂಪಲ್-ಟಟಲ್ ಅನ್ನೋ ಧೂಮಕೇತು ಸುಮಾರು 33 ವರ್ಷಕ್ಕೊಂದು ಸಲ ಸೂರ್ಯನ ಹತ್ರ ಬಂದು ಹೋಗುತ್ತೆ, ಅದು ಬಿಟ್ಟುಹೋದ ದೂಳಿನೊಳಗೆ ಭೂಮಿ ನುಗ್ಗಿದಾಗ ಹಿಂಗಾಗುತ್ತೆ, ಸಿಂಹರಾಶಿ ಕಡೆಯಿಂದ ಬಂದಂಗೆ ಕಾಣೋದ್ರಿಂದ ಲಿಯೊನಿಡ್ ಅಂತಾರೆ. ಪೂರ್ವದ ಊರುಗಳಲ್ಲಿ ಜನ ಲೋಕ ಮುಳುಗಿತು ಅಂತ ದೇವರಿಗೆ ಮೊರೆ ಹೋದ್ರು, ಪೇಪರುಗಳಲ್ಲಿ ಬಂತು, ವಿಜ್ಞಾನಿಗಳು ಬರ್ಕೊಂಡ್ರು. ಅದೇ ರಾತ್ರಿ ಬಯಲಲ್ಲಿ ಡೇರೆ ಹಾಕ್ಕೊಂಡು ಮಲಗಿದ್ದ ಈ ಜನನೂ ಹೊರಗೆ ಬಂದು ತಲೆ ಎತ್ತಿ ನೋಡಿದಾರೆ. ಬೇರೆ ವರ್ಷಗಳಲ್ಲಿ ಪಂಗಡಕ್ಕೊಂದು ಸಂಗತಿ ಆರಿಸಿದೋರು ಈ ವರ್ಷ ಹೆಚ್ಚು ಕಡಿಮೆ ಎಲ್ಲರೂ ಒಂದನ್ನೇ ಆರಿಸಿದಾರೆ: ನಕ್ಷತ್ರ ಉದುರಿದ ವರ್ಷ. ಲೋನ್ ಡಾಗ್ ಲೆಕ್ಕದಲ್ಲಿ ಚಂದ್ರ ಕಪ್ಪಗೆ, ಸುತ್ತ ಕೆಂಪು ನಕ್ಷತ್ರಗಳು. ಹಂಗಾಗಿ ಓದೋರು ಮೊದಲು ಆ ಚಿತ್ರ ಹುಡುಕ್ತಾರೆ, ಅದಕ್ಕೆ 1833-34 ಅಂತ ಬರೆದು ಅಲ್ಲಿಂದ ಹಿಂದಕ್ಕೆ ಮುಂದಕ್ಕೆ ಎಣಿಸ್ತಾರೆ. ನಮ್ಮ ಪಂಚಾಂಗದಲ್ಲಿ ಅದು ವಿಜಯ ಸಂವತ್ಸರ.

ಪರೀಕ್ಷೆ ಮಾಡೋಕೆ ಇನ್ನೊಂದಿದೆ. 1869ರ ಆಗಸ್ಟ್ 7ಕ್ಕೆ ಅಮೆರಿಕದಲ್ಲಿ ಖಗ್ರಾಸ ಸೂರ್ಯಗ್ರಹಣ ಆಗಿದ್ದು ಲೆಕ್ಕ ಹಾಕಿ ಹೇಳಬಹುದಾದ ಮಾತು. ಲೋನ್ ಡಾಗ್ ಲೆಕ್ಕದಲ್ಲಿ ನಕ್ಷತ್ರದ ವರ್ಷದಿಂದ ಎಣಿಸ್ಕೊಂಡು ಬಂದ್ರೆ ಸರಿಯಾಗಿ 1869-70ರ ಜಾಗದಲ್ಲಿ ಒಂದು ಕಪ್ಪು ಸೂರ್ಯ ಕೂತಿದಾನೆ, ಪಕ್ಕದಲ್ಲಿ ಎರಡು ನಕ್ಷತ್ರ, ಹಗಲಲ್ಲೇ ನಕ್ಷತ್ರ ಕಂಡಿತ್ತು ಅಂತ. 36 ವರ್ಷದಲ್ಲಿ ಒಂದು ಚಿತ್ರನೂ ಆಚೀಚೆ ಆಗಿಲ್ಲ. ಕೆಲವು ಲೆಕ್ಕಗಳು ಒಂದೊಂದು ವರ್ಷ ಹಿಂದೆ ಮುಂದೆ ಆಗೋದೂ ಉಂಟು, ಅವರ ಒಂದು ಚಳಿಗಾಲ ನಮ್ಮ ಎರಡು ಇಸವಿ ಮೇಲೆ ಕೂರುತ್ತಲ್ಲ, ಅದಕ್ಕೆ. ಉಗಾದಿಯಿಂದ ಉಗಾದಿಗೆ ಎಣಿಸೋ ನಮಗೆ ಆ ತಾಪತ್ರಯ ಗೊತ್ತಿರೋದೇ.

ಪಂಚಾಂಗದ ಮಾತು ಬಂತಲ್ಲ, ಒಂದು ವಿಷಯ ಹೇಳ್ದೆ ಇರೋಕಾಗ್ತಿಲ್ಲ. ಧಾತು ಈಶ್ವರದ ಬರ ಅಂತ ನಿಮ್ಮ ಮನೇಲೂ ಹಿರಿಯರು ಹೇಳಿರ್ತಾರೆ. 1876ರಿಂದ 78ರ ತನಕ ಮೈಸೂರು ಸೀಮೆಲಿ ಜನ ದನ ಹುಳು ಬಿದ್ದಂಗೆ ಬಿದ್ದು ಸತ್ತ ಬರ, ನಮ್ಮ ಈ ಒಣಭೂಮಿ ಜಿಲ್ಲೆಗಳಂತೂ ಕೇಳಲೇಬೇಡಿ. ಧಾತು, ಈಶ್ವರ ಎರಡೂ ಆ ಸಂವತ್ಸರಗಳ ಹೆಸರು, ಅರವತ್ತು ವರ್ಷಕ್ಕೊಂದು ಸಲ ಬಂದು ಹೋಗೋವು, ಆದ್ರೆ ನಮ್ಮ ಅಜ್ಜಿಯರ ಬಾಯಲ್ಲಿ ಆ ಎರಡು ಹೆಸರು ಆ ಬರಕ್ಕೇ ಅಂಟಿಕೊಂಡು ಬಿಟ್ವು. ಅದೇ ಈಶ್ವರ ಸಂವತ್ಸರದಲ್ಲಿ, 1877ರ ಸೆಪ್ಟೆಂಬರ್ 5ಕ್ಕೆ, ಅಲ್ಲಿ ಫೋರ್ಟ್ ರಾಬಿನ್ಸನ್ ಅನ್ನೋ ಸೇನಾ ಠಾಣೇಲಿ ಲಕೋಟರ ನಾಯಕ ಕ್ರೇಜಿ ಹಾರ್ಸನ್ನ ಒಬ್ಬ ಸಿಪಾಯಿ ಬಂದೂಕಿನ ಬಾಯೊನೆಟ್ಟಿಂದ ಇರಿದು ಕೊಂದ. ಕೆಲವು ಲೆಕ್ಕಗಳಲ್ಲಿ ಆ ಚಳಿಗಾಲದ ಹೆಸರು ಅದೇ. ನಮ್ಮಜ್ಜಿಯ ಅಜ್ಜಿ ಇಲ್ಲಿ ಗಂಜಿಗೆ ಸಾಲು ನಿಂತ ವರ್ಷಕ್ಕೆ ಅಲ್ಲಿ ಒಬ್ಬರು ಕೂತು ಆ ಸಾವಿನ ಚಿತ್ರ ಬರೀತಿದ್ರು ಅನ್ನೋದನ್ನ ಮೊದಲ ಸಲ ಹೊಂದಿಸಿ ನೋಡಿದ ದಿನ ನಂಗೆ ರಾತ್ರಿ ನಿದ್ದೆ ಬರಲಿಲ್ಲ.

ಜಗಳೂರು ತಾಲ್ಲೂಕಿಂದ ಒಬ್ಬರು: ನಮ್ಮೂರ ಕೆರೆ ಏರಿ ಹತ್ರ ದನ ಕಾಯೋಕೆ ಹೋಗಿ ಸತ್ತವನ ವೀರಗಲ್ಲೈತೆ. ಇದೂ ಅದೂ ಒಂದೇ ಏನ್ರಿ? ಆ ಚಿತ್ರಗಳನ್ನ ಲಿಪಿ ಅನ್ನಬಹುದಾ?

ತುರುಗೋಳಿನ ವೀರಗಲ್ಲು ಇರಬೇಕು ಅದು. ನೀವು ಕೇಳಿದ್ದು ಸರಿಯಾಗೇ ಇದೆ, ನಮ್ಮಲ್ಲಿ ದನ ಹೊಡ್ಕೊಂಡು ಹೋಗೋದು ಹೆಂಗೋ ಅಲ್ಲಿ ಕುದುರೆ ಹೊಡ್ಕೊಂಡು ಬರೋದು ಹಂಗೆ. ಆದ್ರೆ ನಿಮ್ಮೂರ ಕಲ್ಲು ಸತ್ತ ಒಬ್ಬನಿಗೋಸ್ಕರ ಒಂದು ಸಲ ನಿಲ್ಲಿಸಿದ್ದು, ಮುಂದಿನ ವರ್ಷ ಅದರ ಪಕ್ಕ ಇನ್ನೊಂದು ಬರಲೇಬೇಕು ಅಂತೇನಿಲ್ಲ. ಲಿಪಿ ಅನ್ನೋಕೆ ನಂಗೆ ಮನಸ್ಸು ಬರಲ್ಲ, ಯಾಕಂದ್ರೆ ಅಕ್ಷರ ಕಲ್ತ ಯಾರು ಬೇಕಾದ್ರೂ ಕಾಗದ ಓದಬಹುದು, ಈ ಚಿತ್ರವನ್ನ ಕತೆ ಕೇಳಿದೋರೇ ಓದಬೇಕು. ಆಮೇಲೆ ಪಾದ್ರಿಗಳು ಅವರ ಭಾಷೆಯನ್ನ ರೋಮನ್ ಅಕ್ಷರದಲ್ಲಿ ಬರೆಯೋದು ತಂದ ಮೇಲೆ ಕೆಲವರು ಚಿತ್ರ ಬಿಟ್ಟು ವರ್ಷದ ಹೆಸರುಗಳನ್ನಷ್ಟೇ ಪಟ್ಟಿ ಮಾಡಿದ್ದೂ ಇದೆ.

ಮೊಳಕಾಲ್ಮುರು ಕಡೆಯ ಒಬ್ಬ ಹೈಸ್ಕೂಲ್ ಟೀಚರ್: ಈಗಲೂ ಹಿಂಗೆ ಬರೀತಾರಾ? ನಮ್ಮ ಮಕ್ಕಳ ಕೈಲಿ ಮಾಡಿಸಬಹುದಾ ಅಂತ ಆಸೆ ಆಗಿದೆ.

ಮೇಡಂ, ಬರೀತಾರೆ. ಅವರನ್ನ ಅಮೆರಿಕ ಸರ್ಕಾರದವರು ರಿಸರ್ವೇಶನ್ ಅನ್ನೋ ಸೀಮೆಗಳಲ್ಲಿ ಕೂಡಿ ಹಾಕಿದ್ರು, ಮಕ್ಕಳನ್ನ ಬೋರ್ಡಿಂಗ್ ಸ್ಕೂಲಿಗೆ ಎಳ್ಕೊಂಡು ಹೋಗಿ ತಮ್ಮ ಭಾಷೆ ಆಡಿದ್ರೆ ಶಿಕ್ಷೆ ಕೊಟ್ರು. 1890ರ ಡಿಸೆಂಬರ್ 29ಕ್ಕೆ ವೂಂಡೆಡ್ ನೀ ಹಳ್ಳದ ಹತ್ರ ಬಿಗ್ ಫುಟ್ ಅನ್ನೋ ನಾಯಕನನ್ನೂ ಅವನ ಜೊತೆ ಇದ್ದ ಹೆಂಗಸರು ಮಕ್ಕಳನ್ನೂ ಸೈನ್ಯ ಗುಂಡಿಟ್ಟು ಕೊಂತು. ಅದು ಕೂಡ ಲೆಕ್ಕದಲ್ಲಿ ಒಂದು ಚಳಿಗಾಲದ ಹೆಸರಾಗಿ ಸೇರ್ಕೊಂತು, ಬಿಗ್ ಫುಟ್‌ನ ಕೊಂದ ವರ್ಷ ಅಂತ, ಆದ್ರೆ ಲೆಕ್ಕ ಅಲ್ಲಿಗೆ ನಿಲ್ಲಲಿಲ್ಲ. ಬಿಗ್ ಮಿಸೌರಿ ಅನ್ನೋರ ಹೆಸರಿನ ಲೆಕ್ಕ 1926ರ ತನಕ ಬರುತ್ತೆ. ಈಗಿನ ಲಕೋಟ ಕಲಾವಿದರೂ ಬರೀತಿದಾರೆ, ಶಾಲೆಗಳಲ್ಲಿ ಮಕ್ಕಳ ಕೈಲಿ ಮಾಡಿಸ್ತಾರೆ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಲಿ ಹಳೇವು ಎಷ್ಟೋ ಇದಾವೆ, ಅವುಗಳ ಫೋಟೋ ಇಂಟರ್ನೆಟ್ಟಲ್ಲಿ ಸಿಗುತ್ತೆ, ಮಕ್ಕಳಿಗೆ ಮೊದಲು ಅವನ್ನ ತೋರಿಸಿ.

ಮಾಡಿಸೋದಾದ್ರೆ ನನ್ನ ಸಲಹೆ ಇಷ್ಟು. ನಮಗೆ ಹಿಮ ಇಲ್ಲ, ಉಗಾದಿ ಬೇಡ ಅನಿಸಿದ್ರೆ ಮುಂಗಾರಿನ ಮೊದಲ ಮಳೆಯಿಂದ ವರ್ಷ ಹಿಡೀರಿ. ಒಂದು ಮೀಟರ್ ಕೋರಾ ಬಟ್ಟೆ ತಗೊಳ್ಳಿ, ಕೆಮ್ಮಣ್ಣು ಇದ್ದಲು ಊರಲ್ಲೇ ಸಿಗುತ್ತೆ. ಮಕ್ಕಳು ಸುಮ್ನೆ ಕ್ಲಾಸಲ್ಲಿ ಕೂತು ಆರಿಸೋದು ಬೇಡ, ಅವರ ಅಜ್ಜ ಅಜ್ಜಿನ ಕೇಳ್ಕೊಂಡು ಬರ್ಲಿ, ಯಾವ ವರ್ಷ ಕೆರೆ ತುಂಬ್ತು, ಯಾವ ವರ್ಷ ಕಡಲೆಕಾಯಿ ಕೈಕೊಡ್ತು, ಊರಿಗೆ ಕರೆಂಟ್ ಬಂದಿದ್ದು ಯಾರ ಮದುವೆ ವರ್ಷ ಅಂತ. ಜಗಳ ಆಗುತ್ತೆ, ಆಗ್ಲಿ, ಒಂದೇ ಆರಿಸ್ಬೇಕು ಅಂದಾಗ ಅಲ್ಲೂ ಆಗಿರುತ್ತೆ. 2020ಕ್ಕೆ ಎಲ್ಲಾ ಮಕ್ಕಳೂ ಮಾಸ್ಕೇ ಬರೀತಾರೆ, ಬೇಡ ಅನ್ಬೇಡಿ, ಕೆಂಪು ಚುಕ್ಕೆಯ ಆ ಮನುಷ್ಯನೂ ಹಂಗೇ ಬಂದಿದ್ದು. ಪ್ರತಿ ಚಿತ್ರದ ಕತೆಯನ್ನ ಬರೆದ ಮಗು ಎದ್ದು ನಿಂತು ಹೇಳ್ಬೇಕು, ಪಕ್ಕದ ಮಗು ಅದನ್ನ ಕಲ್ತು ತಿರುಗಿ ಒಪ್ಪಿಸ್ಬೇಕು, ಈ ಭಾಗ ಮಾತ್ರ ಬಿಡಿಸಬೇಡಿ. ಮತ್ತೆ ಬಟ್ಟೆ ಅಂಚಿಂದ ಶುರು ಮಾಡಿಸಬೇಡಿ ಮೇಡಂ, ನಡುವಿಂದ ಸುರುಳಿ ಬಿಚ್ಚಿಸ್ಕೊಂಡು ಬನ್ನಿ, ಇಲ್ಲಾಂದ್ರೆ ಮುಂದಿನ ವರ್ಷ ಎಂಟನೇ ಕ್ಲಾಸಿಗೆ ಬರೋ ಮಕ್ಕಳಿಗೆ ಜಾಗ ಉಳಿಯಲ್ಲ.